ಹುಂಜವಿಲ್ಲದ ಷೆಡ್ಡು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಅಹಿಂಸೆಯ ನೆಲವೆಂಬ ಹೆಸರು ಸುಮ್ಮನೆ ಬಂದದ್ದಲ್ಲ. ಭೋಜದ ಶಾಂತಿಸಾಗರರು, ಶೇಡಬಾಳದ ವಿದ್ಯಾನಂದರು, ಸದಲಗಾದ ವಿದ್ಯಾಸಾಗರರು, ಈ ಜೈನ ಮುನಿಗಳೆಲ್ಲ ಈ ಮಣ್ಣಿನವರು. ವಿದ್ಯಾಸಾಗರರ ಪ್ರೇರಣೆಯಿಂದ ಎಷ್ಟೋ ಕಡೆ ಗೋಶಾಲೆಗಳು ಎದ್ದವು. ಹಾಲು ಬತ್ತಿದ ಆಕಳಿಗೂ ನೆರಳು ಸಿಕ್ಕಿತು. ಆದರೆ ತತ್ತಿಯ ಮಾತು ಬಂದಾಗ ಈ ಅಹಿಂಸೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ, ಕೋಳಿಯ ತನಕ ಹೋಗುವುದಿಲ್ಲ.

2021ರ ಡಿಸೆಂಬರಿನಲ್ಲಿ ರಾಜ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಬಂದಾಗ ಎದ್ದ ವಾದ ಎಲ್ಲರಿಗೂ ನೆನಪಿದೆ. ಮಠಾಧೀಶರು ವಿರೋಧಿಸಿದರು, ಮಕ್ಕಳ ಪರ ನಿಂತವರು ಪೌಷ್ಟಿಕಾಂಶದ ಲೆಕ್ಕ ಮುಂದಿಟ್ಟರು. ಕೊನೆಗೆ ತತ್ತಿ ಬೇಡದವರಿಗೆ ಬಾಳೆಹಣ್ಣು, ಚಿಕ್ಕಿಯ ಆಯ್ಕೆ ಉಳಿಯಿತು. ಬಡವರ ಮಗುವಿಗೆ ತತ್ತಿ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ ಗದ್ದಲದಲ್ಲಿ ಕೋಳಿಯ ಬಗ್ಗೆ ಹೆಚ್ಚಿನವರು ಸೊಲ್ಲೆತ್ತಲಿಲ್ಲವೆಂಬುದೇ ನನ್ನ ತಕರಾರು.

ಎರಡೂ ಕಡೆಯವರಿಗೆ ಅನುಕೂಲವಾಗಿರುವ ಒಂದು ಮಾತಿದೆ: ‘ಫಾರಂ ತತ್ತಿಯಲ್ಲಿ ಜೀವ ಇಲ್ಲ.’ ತಿನ್ನಲು ಹಿಂಜರಿಯುವವರಿಗೆ ಸಮಾಧಾನ, ಮಾರುವವರಿಗೆ ಜಾಹೀರಾತು. ಗಾಂಧೀಜಿಯೂ 1942ರಲ್ಲಿ ಆರೋಗ್ಯದ ಬಗ್ಗೆ ಬರೆಯುವಾಗ, ಹಾಲು ಕುಡಿಯುವವರಿಗೆ ನಿರ್ಜೀವ ತತ್ತಿ ವರ್ಜ್ಯವಾಗಬೇಕಿಲ್ಲ ಎಂಬರ್ಥದಲ್ಲಿ ಹೇಳಿದ್ದರು. ಮಾತೇನೋ ನಿಜ. ಆದರೆ ಜೀವ ಯಾಕಿಲ್ಲ? ಷೆಡ್ಡಿನಲ್ಲಿ ಹುಂಜ ಇಲ್ಲ, ಅದಕ್ಕೆ. ಹುಂಜಗಳು ಎಲ್ಲಿ ಹೋದವು? ತತ್ತಿಗೆಂದೇ ಬೆಳೆಸಿದ ತಳಿಯ ಗಂಡು ಮರಿ ತತ್ತಿ ಇಡುವುದಿಲ್ಲ, ಮಾಂಸಕ್ಕೂ ಲಾಭವಿಲ್ಲ. ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಅದನ್ನು ಕೊಲ್ಲುವುದು ಉದ್ಯಮದ ರೂಢಿ. ತತ್ತಿಯೊಳಗೆ ಜೀವವಿಲ್ಲವೆಂದು ನಾವು ನೆಮ್ಮದಿಪಡುವುದು ಹೊರಗೆ ಹೋದ ಆ ಜೀವವನ್ನು ಎಣಿಸದೆ. ಸೀಳಿ ನೋಡಿದರೆ ಆ ಒಂದು ಮಾತು ಹಿಂಸೆಯನ್ನು ಇಲ್ಲವಾಗಿಸಿಲ್ಲ, ಕಣ್ಣಿಗೆ ಬೀಳದ ಕಡೆ ಸರಿಸಿದೆ, ಅಷ್ಟೇ.

ಉಳಿದ ಹೆಣ್ಣು ಕೋಳಿಯ ಪಾಡು ನೋಡಿ. ನಮ್ಮ ಹಿತ್ತಲ ಜವಾರಿ ಕೋಳಿ ತಿಪ್ಪೆ ಕೆದಕುತ್ತದೆ, ಮಣ್ಣಲ್ಲಿ ಹೊರಳುತ್ತದೆ, ಮರೆ ಹುಡುಕಿ ಬುಟ್ಟಿಯಲ್ಲಿ ತತ್ತಿ ಇಟ್ಟು ಕಾವಿಗೆ ಕೂರುತ್ತದೆ. ಪಂಜರದ ಕೋಳಿಗೆ ಇದ್ಯಾವುದೂ ಇಲ್ಲ. ನಮ್ಮಲ್ಲಿ ಒಂದು ಕೋಳಿಗೆ ರೂಢಿಯಲ್ಲಿ ಸಿಗುತ್ತಿದ್ದ ಜಾಗ ಸುಮಾರು 450 ಚದರ ಸೆಂ.ಮೀ.; 2019ರ ಕೇಂದ್ರದ ಕರಡು ನಿಯಮ ಅದನ್ನು 550ಕ್ಕೆ ಏರಿಸಲು ಹೊರಟಿತು. ಒಂದು ಎ-4 ಹಾಳೆಯೇ 624 ಚದರ ಸೆಂ.ಮೀ. ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಓಡಾಡಲು ತಕ್ಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಹಾಕುವುದು ಅಪರಾಧ ಎನ್ನುತ್ತದೆ. ಹಾಳೆಗಿಂತ ಚಿಕ್ಕ ಜಾಗದಲ್ಲಿ ರೆಕ್ಕೆ ಬಿಚ್ಚಲಾಗದ ಪಕ್ಷಿ ಓಡಾಡುವುದೆಲ್ಲಿ? ಯುರೋಪಿನ ಒಕ್ಕೂಟ ಇಂಥ ಬರಿ ಪಂಜರಗಳನ್ನು 2012ರಿಂದಲೇ ನಿಷೇಧಿಸಿದೆ. ಇಲ್ಲಿ ಒಂದೂವರೆ ವರ್ಷ ದಾಟಿ ತತ್ತಿ ಇಳಿಮುಖವಾದ ಕೋಳಿಗೆ ಗೋಶಾಲೆಯಂಥದ್ದೇನೂ ಇಲ್ಲ. ಮಾಂಸದ ಲಾರಿಯೇ ಗತಿ.

ನನ್ನ ಪ್ರಗತಿಪರ ಗೆಳೆಯರ ಜೊತೆಗೂ ಜಗಳವಿದೆ. ಕೋಳಿಯ ಮಾತೆತ್ತಿದರೆ, ‘ಇದು ಮಗುವಿನ ತಟ್ಟೆಯಿಂದ ತತ್ತಿ ಕಸಿಯುವ ಸುತ್ತುದಾರಿ’ ಎನ್ನುತ್ತಾರೆ. ಅವರ ಭಯಕ್ಕೆ ಕಾರಣವಿದೆ. ಮಡಿಯನ್ನೇ ದಯೆಯೆಂದು ತೋರಿಸುವ ವಾದ ಅವರು ಬೇಕಾದಷ್ಟು ಕೇಳಿದ್ದಾರೆ. ಆದರೂ ಒಪ್ಪಲಾರೆ. ಕೂಲಿಯವರ ಮೈಕೈ ನೋವು ಬಲ್ಲವರಿಗೆ ಪಂಜರದ ತಂತಿಯ ಮೇಲೆ ನಿಂತೇ ಇರುವ ಕಾಲಿನ ನೋವು ದೂರದ್ದೇನಲ್ಲ. ಯಾರದೋ ಮಡಿಗೆ ಹೆದರಿ ನಾವು ಕೋಳಿಯನ್ನು ಅವರ ಕೈಗೇ ಬಿಟ್ಟುಕೊಟ್ಟಿದ್ದೇವೆ, ಅವರೂ ಅದನ್ನು ಕಾಯುತ್ತಿಲ್ಲ.

2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಲ್ಲಿ ಶಾಲೆಗಳಿಗೆ ವಾರಕ್ಕೆ ಆರು ದಿನ ಮೊಟ್ಟೆಯ ಯೋಜನೆ ಬಂತು. ಇಷ್ಟು ದೊಡ್ಡ ಗಿರಾಕಿ ಒಂದು ಷರತ್ತು ಹಾಕಿದರೆ ಷೆಡ್ಡುಗಳು ಬದಲಾಗುತ್ತವೆ. ಸಂತೆಯಲ್ಲಿ ಜವಾರಿ ತತ್ತಿಗೆ ಜನ ಹೆಚ್ಚು ಕೊಡುತ್ತಲೇ ಇದ್ದಾರೆ, ರುಚಿಗೆ, ಬಾಣಂತಿಯ ಶಕ್ತಿಗೆ. ಆ ಹೆಚ್ಚಿನ ರೂಪಾಯಿಯಲ್ಲಿ ಕೋಳಿಯ ಪಾಲನ್ನೂ ಕೇಳುವ ಒಂದು ಪ್ರವಚನ, ಒಂದು ಭಾಷಣ ಇನ್ನೂ ನನ್ನ ಕಿವಿಗೆ ಬಿದ್ದಿಲ್ಲ.