ನೀಲಿ ಪರದೆಯಲ್ಲಿ ನಮ್ಮ ಅಕ್ಷರ

ಕಮೋಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರ್ ಅಮೆರಿಕದಲ್ಲಿ 1982ರಲ್ಲಿ ಬಂತು. 1994ರಲ್ಲಿ ಕಂಪನಿ ದಿವಾಳಿಯಾಯಿತು. 2025ರಲ್ಲಿ ಆ ಹೆಸರನ್ನು ಕೊಂಡವರು ಹಳೆಯ ರೂಪದೊಳಗೆ ಹೊಸ ಯಂತ್ರಾಂಶ ಕೂಡಿಸಿ, 299 ಡಾಲರಿನಿಂದ ಮಾರಾಟಕ್ಕಿಟ್ಟರು. ಹಳೆಯ ಚಿಪ್ಪುಗಳು ಈಗ ತಯಾರಾಗುವುದಿಲ್ಲ. ಅವುಗಳ ಒಳಜೋಡಣೆಯನ್ನು ಎಫ್‌ಪಿಜಿಎ ಎಂಬ ಮಾರ್ಪಡಿಸಬಲ್ಲ ಚಿಪ್ಪಿನಲ್ಲಿ ಮರಳಿ ಕಟ್ಟಿದ್ದಾರೆ. ಕಸುಬುದಾರರ ಕೆಲಸ, ಮೆಚ್ಚತಕ್ಕದ್ದೇ.

ಆದರೆ ಜಾಹೀರಾತಿನಲ್ಲಿ ಮಾರಾಟಕ್ಕಿರುವುದು ಬಾಲ್ಯದ ನೆನಪು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮಗೆ ಆ ನೆನಪೆಲ್ಲಿಯದು? 1984ರಲ್ಲಿ ಕೇಂದ್ರ ಸರಕಾರ 'ಕ್ಲಾಸ್' ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡತೊಡಗಿತು. ಆಮೇಲೆ ನಾವು ಕಲಿತ ಉರ್ದು ಶಾಲೆಯಲ್ಲಿದ್ದದ್ದು ಕರಿಹಲಗೆ, ಸೀಮೆಸುಣ್ಣ.

ನಮ್ಮನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ಸ್ವಿಚ್ ಹಾಕಿದೊಡನೆ ಆ ನೀಲಿ ಪರದೆ ಬೇಸಿಕ್ ಭಾಷೆಯಲ್ಲಿ ನಮ್ಮ ಅಪ್ಪಣೆಗೆ ಕಾಯುತ್ತದೆ. ಅದರ ಒಂದೊಂದು ಅಕ್ಷರಕ್ಕೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಪಟ್ಟಿಯ 256 ಆಕಾರಗಳನ್ನೂ ಬಳಸುವವರೇ ತಿದ್ದಬಹುದು, ರಂಗೋಲಿಗೆ ಚುಕ್ಕಿ ಇಟ್ಟಂತೆ! 'ಕ' ಹೇಗೋ ಕೂತೀತು. 'ಸ್ತ್ರೀ' ಎರಡು-ಮೂರು ಚೌಕ ಬೇಡೀತು. ಬಲದಿಂದ ಎಡಕ್ಕೆ ಇಳಿಜಾರಾಗಿ ಹರಿಯುವ ಉರ್ದುವಿನ ನಸ್ತಾಲೀಕ್ ಅಂತೂ ಆ ಚೌಕಗಳಿಗೆ ಸುಲಭಕ್ಕೆ ಬಗ್ಗದು.

ಎಚ್‌ಡಿಎಂಐ, ವೈ-ಫೈ ಎಲ್ಲ ತುಂಬಿದವರು ಆ ಅಕ್ಷರಪಟ್ಟಿಯನ್ನು ಮಾತ್ರ ಹಳೆಯದೇ ಉಳಿಸಿದ್ದಾರೆ. ಮೂಲಕ್ಕೆ ನಿಷ್ಠೆಯೆಂದರೆ ಅದೇ ಇರಬಹುದು. ನಮ್ಮ ಮಕ್ಕಳು ಅದರ ಮುಂದೆ ಕೂತರೆ ಮೊದಲ ಕೆಲಸ ಆ ಪಟ್ಟಿ ಅಳಿಸಿ ಅಲಿಫ್, 'ಅ' ಬರೆಯುವುದು. ಅದಕ್ಕಾಗಿ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಕಮೋಡೋರನ್ನೇ ಅನುಕರಿಸುವ 'ವೈಸ್' ತಂತ್ರಾಂಶ ಪುಕ್ಕಟೆ ಸಿಗುತ್ತದೆ; ಶಾಲೆಯ ಮೂಲೆಯಲ್ಲಿ ಧೂಳು ತಿನ್ನುವ ಕಂಪ್ಯೂಟರಿನಲ್ಲೂ ಓಡೀತು.