ಬುರುಡೆ ಬಿಚ್ಚಿದ ಮೇಲೆ

ನಾಗಮಂಗಲದ ಕಡೆಯ ಹಳ್ಳಿಗಳಲ್ಲಿ ಈಜು ಕಲಿಸುವ ಶಾಲೆ ಎಂದರೆ ತೋಟದ ಬಾವಿ. ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಮೆಟ್ಟಿಲ ಮೇಲೆ ನಿಂತ ಸೋದರಮಾವನ ಕೈಯಲ್ಲಿ. ಬುರುಡೆಯ ಜಾಗಕ್ಕೆ ಪ್ಲಾಸ್ಟಿಕ್ ಕ್ಯಾನು, ಟ್ಯೂಬು ಬಂದವು, ಪಾಠ ಬದಲಾಗಲಿಲ್ಲ. ದುಮುಕು, ಕೈಕಾಲು ಬಡಿ, ದಡ ಹಿಡಿ. ಶ್ರೀರಂಗಪಟ್ಟಣದವರಿಗೆ ಕಾವೇರಿ, ಕೆ.ಆರ್. ಪೇಟೆಯವರಿಗೆ ಹೇಮಾವತಿ ಇದ್ದರೂ ಕಲಿಸುವ ಕ್ರಮ ಹೆಚ್ಚುಕಡಿಮೆ ಇದೇ. ಟ್ರಯಥ್ಲಾನ್‌ಗೆ ತಯಾರಾಗುವವರು ಈಜುಕೊಳದಲ್ಲಿ ಮಾಡುವ ಡ್ರಿಲ್‌ಗಳ ಪಕ್ಕ ಇದನ್ನಿಟ್ಟು ನೋಡಿದರೆ ಎರಡರ ಹುಳುಕೂ ಕಾಣುತ್ತದೆ.

ಬುರುಡೆ ಎತ್ತುವುದು ಎದೆಯನ್ನು. ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ ಎದೆ ತಾನಾಗಿಯೇ ತೇಲುವ ಭಾಗ, ಮುಳುಗುವುದು ಕಾಲು. ಹಾಗಾಗಿ ಬಾವಿಯಲ್ಲಿ ಕಲಿತವನು ತಲೆ ಮೇಲೆ, ಕಾಲು ಕೆಳಗೆ ಇಟ್ಟುಕೊಂಡು ಏಣಿ ಹತ್ತುವವನ ಹಾಗೆ ಈಜುತ್ತಾನೆ, ಐವತ್ತು ಮಾರು ಹೋಗುವಷ್ಟರಲ್ಲಿ ಏದುಸಿರು. ಕೊಳದವರ ಪುಲ್ ಬಾಯ್ ಎಂಬ ತೇಲುಬೆಂಡು ತೊಡೆಗಳ ನಡುವೆ ಕೂತು ಎತ್ತಬೇಕಾದ ಕಾಲನ್ನೇ ಎತ್ತುತ್ತದೆ. ಜಾಣ ಸಾಧನ, ನಿಜ. ಆದರೆ ಅದೂ ಬುರುಡೆಯೇ, ಮತ್ತು ಹಳ್ಳಿಯ ಮಾವ ಒಂದು ದಿನ ಬುರುಡೆ ಬಿಚ್ಚಿಸುತ್ತಾನೆ. ಪುಲ್ ಬಾಯ್ ಬಿಚ್ಚಿಸುವವರು ಯಾರೂ ಇಲ್ಲ. ಸ್ಪರ್ಧೆಯಲ್ಲಾದರೋ ಅದಿಲ್ಲದೆಯೇ ಈಜಬೇಕು: ಒಲಿಂಪಿಕ್ ಅಳತೆಯ ಟ್ರಯಥ್ಲಾನ್‌ನಲ್ಲಿ 1,500 ಮೀಟರ್ ಈಜಿ, 40 ಕಿ.ಮೀ. ಸೈಕಲ್ ತುಳಿದು, 10 ಕಿ.ಮೀ. ಓಡಬೇಕು. ನಮ್ಮ ಬೆಚ್ಚಗಿನ ನೀರಿನಲ್ಲಿ ತೇಲಿಸುವ ವೆಟ್‌ಸೂಟ್‌ಗೆ ಅನುಮತಿ ಸಿಗುವುದೂ ಅನುಮಾನ.

ಬಾವಿ ಪಾಠದ ದೊಡ್ಡ ಕೊರತೆ ಉಸಿರಿನದು. ದಮ್ಮು ಕಟ್ಟಿಕೋ ಎಂದು ಹೇಳಿಕೊಡುತ್ತಾರೆ, ಬಿಡುವುದನ್ನು ಹೇಳಿಕೊಡುವುದಿಲ್ಲ. ಮುಖ ನೀರಿನೊಳಗಿದ್ದಾಗಲೇ ಮೂಗು ಬಾಯಿಂದ ಗುಳುಗುಳು ಗಾಳಿ ಬಿಟ್ಟು ಮುಗಿಸಿದರೆ, ಮೇಲೆ ಬಂದಾಗ ಎಳೆದುಕೊಳ್ಳುವುದೊಂದೇ ಕೆಲಸ. ಮೆಟ್ಟಿಲು ಹಿಡಿದು ಮಾಡುವ ಈ ಅಭ್ಯಾಸ ಹೊಸಬರ ಮೊದಲ ಡ್ರಿಲ್ ಆಗಬೇಕು. ಆಮೇಲೆ ಒಂದು ಕೈ ಮುಂದೆ ಚಾಚಿ ಮಗ್ಗುಲಾಗಿ ಮಲಗಿ ಬರೀ ಕಾಲು ಬಡಿಯುವುದು. ಕತ್ತೆತ್ತದೆ ಮೈ ಹೊರಳಿಸಿ ಉಸಿರಾಡುವುದು ಇದರಿಂದಲೇ ಬರುತ್ತದೆ. ಮುಷ್ಟಿ ಕಟ್ಟಿ ಈಜುವ ಡ್ರಿಲ್ಲೂ ಒಳ್ಳೆಯದೇ: ಅಂಗೈ ಇಲ್ಲದಾಗ ಮುಂಗೈಯಿಂದ ನೀರು ಒತ್ತುವುದು ಗೊತ್ತಾಗುತ್ತದೆ. ಒಂದು ಕೈ ಇನ್ನೊಂದನ್ನು ಮುಟ್ಟುವ ತನಕ ಕಾಯುವ ಕ್ಯಾಚ್-ಅಪ್ ಮಾತ್ರ ಅತಿಯಾಯಿತು. ತೆರೆಯಿರುವ ನೀರಿನಲ್ಲಿ ಹಾಗೆ ಕಾದವನ ವೇಗ ಪ್ರತಿ ಸಲವೂ ಸಾಯುತ್ತದೆ.

ಹಳ್ಳಿ ಗೆಲ್ಲುವ ಜಾಗವೂ ಇದೆ. ತಳದಲ್ಲಿ ಕಪ್ಪು ಗೆರೆ ಇಲ್ಲದ ಹೊಳೆಯಲ್ಲಿ ತಲೆಯೆತ್ತಿ ಗುರಿ ನೋಡುವುದನ್ನು ಟ್ರಯಥ್ಲಾನ್‌ನವರು ಬೇರೆ ಡ್ರಿಲ್ ಇಟ್ಟು ಕಲಿಯುತ್ತಾರೆ. ನಮ್ಮ ಹುಡುಗರಿಗೆ ಅದು ಮೊದಲೇ ಬಂದಿರುತ್ತದೆ. ಅಂಗಾತ ತೇಲಿ ಸುಧಾರಿಸಿಕೊಳ್ಳುವುದೂ ಅಷ್ಟೇ. ಆಳದ ಹೆದರಿಕೆ ಬಿಡಿಸುವುದರಲ್ಲಂತೂ ಬಾವಿಗೆ ಸಮನಾದ ಕೊಳವಿಲ್ಲ.

ಆದರೆ ಇದ್ಯಾವುದನ್ನೂ ವಿಶ್ವೇಶ್ವರಯ್ಯ ನಾಲೆಯಲ್ಲಿ ಅಭ್ಯಾಸ ಮಾಡಬಾರದು. ಕಡಿದಾದ ಏರಿಯಲ್ಲಿ ಕೈಗೆ ಹಿಡಿತ ಸಿಗುವುದಿಲ್ಲ, ಸೆಳೆತ ನಿಲ್ಲುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಸತ್ತರು. ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಈಜು ಏನು ಮಾಡೀತು? ಅಲ್ಲಿ ಬೇಕಿದ್ದದ್ದು ತಡೆಗೋಡೆ. ಕಾಲು ಜಾರಿ ಬೀಳುವವರ ಮಾತು ಬೇರೆ. ಬಟ್ಟೆ ಒಗೆಯಲು ನೀರಿಗೆ ಇಳಿಯುವವರು ಹೆಚ್ಚಾಗಿ ಹೆಂಗಸರು, ಈಜು ಕಲಿಸುವುದು ಗಂಡುಹುಡುಗರಿಗೆ. ನಮ್ಮ ಬಾವಿ ಶಾಲೆಯ ಮೇಲೆ ನನ್ನ ಮುಖ್ಯ ತಕರಾರು ಇದು, ಉಸಿರಿನದಕ್ಕಿಂತ ದೊಡ್ಡದು. ಬರುವ ಬೇಸಿಗೆ ರಜೆಗೆ ಮಗಳ ಸೊಂಟಕ್ಕೂ ಹಗ್ಗ ಕಟ್ಟಿ, ತುದಿಯನ್ನು ನೀವೇ ಹಿಡಿದುಕೊಳ್ಳಿ.