ಯಶಸ್ವಿನಿಯ ಕಣ್ಣಿಗೆ ಬೀಳದ ಕಾಯಿಲೆ

ಕರ್ನಾಟಕದ ಸಹಕಾರಿ ರೈತರಿಗಾಗಿ ಶುರುವಾದ ಆರೋಗ್ಯ ವಿಮೆ ಯಶಸ್ವಿನಿಯ ಕೀರ್ತಿ ಅದರ ಕೆಲಸವನ್ನು ಮೀರಿ ಬೆಳೆದಿದೆ. ಹೃದಯತಜ್ಞ ದೇವಿ ಶೆಟ್ಟಿಯವರ ಕಲ್ಪನೆ, ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಸರ್ಕಾರ, ಸಹಕಾರ ಸಂಘಗಳ ಜಾಲ, 2003ರಲ್ಲಿ ವರ್ಷಕ್ಕೆ 60 ರೂಪಾಯಿ ಕಂತು: ಈ ಕಥೆ ಎಲ್ಲರಿಗೂ ಗೊತ್ತು. ಸರ್ವರಿಗೂ ಸರ್ಕಾರಿ ಆರೋಗ್ಯ ವಿಮೆಯ ಮಾತು ಬಂದಾಗಲೆಲ್ಲ ಇದನ್ನೇ ಮಾದರಿಯೆಂದು ಎತ್ತಿ ಹಿಡಿಯುತ್ತಾರೆ. ನಾನು ಒಪ್ಪಲಾರೆ.

ಯೋಜನೆಯ ಜೀವಾಳ ಅದರ ಚಿಕಿತ್ಸಾ ಪಟ್ಟಿ. ಹಾವು ಕಡಿತ, ನಾಯಿ ಕಡಿತ, ಹೋರಿ ತಿವಿದ ಗಾಯ, ಬೇಸಾಯದ ಯಂತ್ರದಿಂದಾದ ಅಪಘಾತ. ಹೊಲಗದ್ದೆ ಬಲ್ಲವರು ಬರೆದ ಸಾಲುಗಳಿವು, ಮನಸಾರೆ ಮೆಚ್ಚುತ್ತೇನೆ. ಹೃದಯದ ಆಪರೇಷನ್ನೂ ಉಂಟು. ಆದರೆ ಮೊದಲ ಪಟ್ಟಿ ಡಯಾಲಿಸಿಸ್, ಕಿಮೋಥೆರಪಿಗಳನ್ನು ಹೊರಗಿಟ್ಟಿತ್ತು. ಹೊರರೋಗಿಗೆ ಡಾಕ್ಟರ ಸಲಹೆ ಉಚಿತ, ಮಾತ್ರೆಗೆ ಮಾತ್ರ ಜೇಬು ನೋಡಿಕೊಳ್ಳಬೇಕು. ಮಂಡ್ಯ ಜಿಲ್ಲೆಯ ಪಾಲಹಳ್ಳಿಯ ಕಬ್ಬು ಬೆಳೆಗಾರನೊಬ್ಬನಿಗೆ ಬಿಪಿ, ಶುಗರ್ ಎರಡೂ ಇವೆ ಎನ್ನಿ. ಕಬ್ಬಿನ ಬಾಕಿ ಕೈಸೇರದ ತಿಂಗಳು ಮಾತ್ರೆ ನಿಲ್ಲುತ್ತದೆ. ಎದೆನೋವು ಬಂದು ಮೈಸೂರಿನ ಆಪರೇಷನ್ ಮೇಜಿನ ಮೇಲೆ ಮಲಗಿದ ಮೇಲೆ ಯೋಜನೆ ಅವನ ಕೈಹಿಡಿಯುತ್ತದೆ. ಕೆಟ್ಟದ್ದು ಕಿಡ್ನಿಯಾದರೆ, ಆ ಮೊದಲ ಪಟ್ಟಿಯಂತೆ ಆಗಲೂ ಹಿಡಿಯುತ್ತಿರಲಿಲ್ಲ. ಆಪರೇಷನ್ ಅಪರೂಪ, ದರವನ್ನು ಮೊದಲೇ ಗೊತ್ತುಮಾಡಬಹುದು. ಕಂತು ಅಗ್ಗವಾದ ಗುಟ್ಟು ಇದೇ. ದಿನದಿನದ ಕಾಯಿಲೆಯನ್ನು ಕೈಬಿಟ್ಟು ಗಳಿಸಿದ ಅಗ್ಗ.

ದುಡ್ಡು ಕೊಟ್ಟರೇನೇ ರೈತನಿಗೆ ಬೆಲೆ ತಿಳಿಯುವುದು, ಇದು ಸ್ವಾವಲಂಬನೆ ಎನ್ನುವವರಿದ್ದಾರೆ. ಮೊದಲ ವರ್ಷದಿಂದಲೇ ಸರ್ಕಾರ ಹಣ ಹಾಕಿತ್ತೆಂಬುದನ್ನು ಅವರು ಮರೆಯುತ್ತಾರೆ. 2005ರಲ್ಲಿ ಕಂತು 120 ರೂಪಾಯಿಗೆ ಏರಿದಾಗ ಸದಸ್ಯರು ಸುಮಾರು 20 ಲಕ್ಷದಿಂದ 15 ಲಕ್ಷದ ಆಸುಪಾಸಿಗೆ ಇಳಿದರು. ಬಿಟ್ಟುಹೋದವರಿಗೆ ಆರೋಗ್ಯದ ಬೆಲೆ ಗೊತ್ತಿರಲಿಲ್ಲವೇ? ಕಂತು ಕಟ್ಟಿದವರಿಗಷ್ಟೇ ಸಿಗುವುದು ಸಾರ್ವತ್ರಿಕವಾಗಲಾರದು. ಸರ್ವರ ಆರೋಗ್ಯ ವಿಮೆ ತೆರಿಗೆ ಹಣದಲ್ಲೇ ನಡೆಯಬೇಕು.

ಇನ್ನೊಂದು ಗುಂಪು, ವಿಮೆಯೆಂದರೆ ಖಾಸಗಿ ಆಸ್ಪತ್ರೆಗೆ ಹಣ ಸುರಿಯುವ ದಾರಿ, ರದ್ದಾಗಲಿ ಎನ್ನುತ್ತದೆ. ಆದರೆ ಬಡವರಿಗಾಗಿದ್ದ ಸರ್ಕಾರಿ ವಿಮೆ ವಾಜಪೇಯಿ ಆರೋಗ್ಯಶ್ರೀಯಿಂದ ಅವರ ಸಾವು ತಗ್ಗಿತೆಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ತೋರಿಸಿದೆ. ಅದನ್ನು ತಳ್ಳಿಹಾಕುವಂತಿಲ್ಲ.

ಯಶಸ್ವಿನಿಯ ಜಾಗಕ್ಕೆ ಬಂದ 2018ರ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಂತನ್ನು ಕೈಬಿಟ್ಟಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಉಳಿದವರಿಗೆ ವೆಚ್ಚದ ಶೇ. 30, ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ಖಾಸಗಿಗೆ ಹೋಗುವಂತಿಲ್ಲ. ಎಲ್ಲರೂ ಬೈಯುವ ಈ ಪತ್ರವನ್ನೇ ನಾನು ಯೋಜನೆಯ ಅತ್ಯುತ್ತಮ ಅಂಶವೆನ್ನುತ್ತೇನೆ. ರೋಗಿ ಮೊದಲು ಊರ ಹತ್ತಿರದ ಡಾಕ್ಟರ ಕಣ್ಣಿಗೆ ಬೀಳಬೇಕೆಂಬ ವಿವೇಕ ಅದರಲ್ಲಿದೆ. ಅಲ್ಲಿ ಡಾಕ್ಟರೂ ಮಾತ್ರೆಯೂ ಇಲ್ಲದಿದ್ದರೆ ಮಾತ್ರ ಅದು ಬರೀ ಅಲೆದಾಟ.

ನಿಂತುಹೋಗಿದ್ದ ಯಶಸ್ವಿನಿಯನ್ನು ಆಮೇಲೆ ಮತ್ತೆ ಜಾರಿಗೆ ತಂದದ್ದನ್ನು ಸಾಧನೆಯೆಂದು ಕೊಂಡಾಡಿದರು. ನನ್ನ ಬೇಡಿಕೆ ಬೇರೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬಿಪಿ, ಶುಗರ್ ಮಾತ್ರೆ ವರ್ಷವಿಡೀ ತಪ್ಪದೆ ಸಿಗುವಂತೆ ಮಾಡಲು ಮೊದಲ ಹಣ ಹೋಗಲಿ. ಆಪರೇಷನ್ ವಿಮೆಗೆ ಅದರ ನಂತರದ್ದು.